ಇಲಿ ಗುಣವಾಯಿತು ಸರಿ, ಆದರೆ ಯಾವ ಇಲಿ?

‘ಇಲಿಗಳಲ್ಲಿ ಲಿವರ್ ರೋಗ ವಾಸಿ’ ಎಂಬಂಥ ತಲೆಬರಹ ನಿಮ್ಮ ಕಣ್ಣಿಗೆ ಆಗಾಗ ಬಿದ್ದಿರುತ್ತದೆ. ಮನೆಯಲ್ಲಿ ಯಾರಿಗಾದರೂ ಸಿರೋಸಿಸ್ ಇದ್ದರಂತೂ ಆ ತುಣುಕನ್ನು ಕತ್ತರಿಸಿ ಜೋಪಾನ ಮಾಡಿ, ಮುಂದಿನ ಸಲ ವೈದ್ಯರ ಮೇಜಿನ ಮೇಲೆ ಇಡುತ್ತೀರಿ. ಇಡಬೇಕಾದದ್ದೇ. ಆದರೆ ಆ ಸುದ್ದಿಯಲ್ಲಿ ಸಾಮಾನ್ಯವಾಗಿ ಅಚ್ಚಾಗದ ಪ್ರಶ್ನೆಯೊಂದಿದೆ. ಗುಣವಾದದ್ದು ಯಾವ ಇಲಿ? ಅದು ಅದೇ ಇಲಿ ಎಂದು ಖಾತರಿ ಮಾಡಿಕೊಂಡವರು ಯಾರು?

ಇದು ಕುಚೋದ್ಯವಲ್ಲ. ರಕ್ತ ಕೊಡುವ ಮೊದಲು ಗುಂಪು ನೋಡದ ಆಸ್ಪತ್ರೆಯನ್ನು ನೀವು ಒಪ್ಪುತ್ತೀರಾ? ಪ್ರಯೋಗಾಲಯದ ಇಲಿಗೂ ಅಂಥದೇ ಒಂದು ಪರೀಕ್ಷೆ ಇದೆ. ಬಾಲದ ತುದಿಯಿಂದಲೋ ಕಿವಿಯಿಂದಲೋ ಚೂರು ತೆಗೆದು, ಅದರ ಡಿಎನ್ಎ ಬಿಡಿಸಿ, ಬೇಕಾದ ವಂಶವಾಹಿ ಇದೆಯೇ, ಇದ್ದರೆ ಎಷ್ಟು ಪ್ರತಿ ಎಂದು ನೋಡುವುದು. ಜೀನೋಟೈಪಿಂಗ್ ಎಂದು ಅದರ ಹೆಸರು. ಇಡೀ ಸಂಶೋಧನೆಯ ಬುಡ ಇದೇ ಎಂದು ನನ್ನ ಅಭಿಪ್ರಾಯ. ಹೇಗೆ ಎಂದು ಹೇಳುತ್ತೇನೆ.

1990ರಲ್ಲಿ ಅಮೆರಿಕದ ರಾಲ್ಫ್ ಬ್ರಿನ್‌ಸ್ಟರ್, ರಿಚರ್ಡ್ ಪಾಮಿಟರ್ ಮತ್ತು ಸಂಗಡಿಗರು ಹೊಸ ಬಗೆಯ ಇಲಿಗಳನ್ನು ಸೃಷ್ಟಿಸಿದ ವರದಿ ಬಂತು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಯುರೋಕೈನೇಸ್ ಎಂಬ ಕಿಣ್ವದ ವಂಶವಾಹಿಯನ್ನು, ಲಿವರ್‌ನಲ್ಲಿ ಮಾತ್ರ ಕೆಲಸ ಮಾಡುವಂತೆ ಅವುಗಳಿಗೆ ಸೇರಿಸಲಾಗಿತ್ತು. ಅವರು ನೋಡಲು ಹೊರಟದ್ದು ರಕ್ತಸ್ರಾವದ ತೊಂದರೆಯನ್ನು. ಹುಟ್ಟಿದ ಮರಿಗಳಲ್ಲಿ ಹಲವು ರಕ್ತಸ್ರಾವದಿಂದ ಸತ್ತವು. ಕೆಲವು ಮಾತ್ರ ಬದುಕಿಬಿಟ್ಟವು! ಏಕೆಂದು ಹೊಟ್ಟೆ ಬಿಚ್ಚಿ ನೋಡಿದರೆ, ಬಿಳಿಚಿದ ಲಿವರ್‌ನಲ್ಲಿ ಅಲ್ಲಲ್ಲಿ ಕೆಂಪು ಗಂಟುಗಳು. ಆ ಜಾಗದ ಜೀವಕೋಶಗಳು ಹೊರಗಿನ ವಂಶವಾಹಿಯನ್ನು ತಾವಾಗಿಯೇ ಕಳೆದುಕೊಂಡು ಚೇತರಿಸಿದ್ದವು. ಸುತ್ತಲಿನ ಕೋಶಗಳು ಸಾಯುತ್ತಿದ್ದರೆ ಇವು ದುಪ್ಪಟ್ಟು ದುಪ್ಪಟ್ಟಾಗಿ ಬೆಳೆದು ಲಿವರನ್ನೇ ಮತ್ತೆ ಕಟ್ಟುತ್ತಿದ್ದವು.

ಹಾಗಿದ್ದರೆ ಹೊರಗಿನ ಒಳ್ಳೆಯ ಕೋಶಗಳನ್ನು ನಾವೇ ಬಿತ್ತಿದರೆ? 1994ರಲ್ಲಿ ಇದೇ ಗುಂಪು ಆರೋಗ್ಯವಂತ ಇಲಿಯ ಲಿವರ್ ಕೋಶಗಳನ್ನು ಇಂಥ ಇಲಿಗಳಿಗೆ ಹಾಕಿ, ಕೆಟ್ಟ ಲಿವರ್‌ನ ಶೇಕಡಾ 80ರವರೆಗೆ ಬದಲಾಯಿಸಿ ತೋರಿಸಿತು. 2001ರಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿರುವ ಆಲ್ಬರ್ಟಾ ವಿಶ್ವವಿದ್ಯಾಲಯದವರು, ರೋಗನಿರೋಧಕ ಶಕ್ತಿಯಿಲ್ಲದ ಇದೇ ಜಾತಿಯ ಇಲಿಗಳಲ್ಲಿ ಮನುಷ್ಯರ ಲಿವರ್ ಕೋಶಗಳನ್ನೇ ಬೆಳೆಸಿದರು. ಹೆಪಟೈಟಿಸ್ ಸಿ ವೈರಸ್ ಸಾಮಾನ್ಯ ಇಲಿಗೆ ಅಂಟುವುದಿಲ್ಲ. ಈ ಇಲಿಗೆ ಅಂಟಿತು. ಔಷಧ ಪರೀಕ್ಷಿಸಲು ಒಂದು ದಾರಿಯಾಯಿತು.

ಈಗ ಬಾಲದ ತುದಿಗೆ ಬನ್ನಿ. ವಂಶವಾಹಿಯ ಒಂದೇ ಪ್ರತಿ ಇರುವ ಗಂಡು ಹೆಣ್ಣುಗಳನ್ನು ಕೂಡಿಸಿದರೆ, ಲೆಕ್ಕದ ಪ್ರಕಾರ ನಾಲ್ಕು ಮರಿಗಳಲ್ಲಿ ಒಂದಕ್ಕೆ ಎರಡು ಪ್ರತಿ, ಎರಡಕ್ಕೆ ಒಂದು ಪ್ರತಿ, ಉಳಿದೊಂದಕ್ಕೆ ಏನೂ ಇಲ್ಲ. ಹೊರನೋಟಕ್ಕೆ ಎಲ್ಲವೂ ಒಂದೇ. ಒಂದು ಪ್ರತಿ ಇರುವ ಇಲಿಯಲ್ಲಿ ಅದರದೇ ಕೋಶಗಳು ಬೇಗ ಚೇತರಿಸಿ, ನಿಧಾನವಾಗಿ ಬೆಳೆಯುವ ಮನುಷ್ಯನ ಕೋಶಗಳನ್ನು ಮೂಲೆಗೆ ತಳ್ಳುತ್ತವೆ. ಎರಡು ಪ್ರತಿ ಇದ್ದರೇ ಕಸಿ ನಿಲ್ಲುವುದು. ವಂಶವಾಹಿ ಇದೆಯೋ ಇಲ್ಲವೋ ಎಂದಷ್ಟೇ ಹೇಳುವ ಸಾದಾ ಪಿಸಿಆರ್ ಪರೀಕ್ಷೆಗೆ ಒಂದು ಮತ್ತು ಎರಡರ ಭೇದ ತಿಳಿಯುವುದಿಲ್ಲ. ಎರಡಕ್ಕೂ ಅದೇ ಗೆರೆ ಮೂಡುತ್ತದೆ. ಆದ್ದರಿಂದ ಪ್ರತಿಗಳನ್ನು ಎಣಿಸುವ ಬೇರೆ ವಿಧಾನ ಬೇಕು. ಅದೂ ಬೇಗ ಆಗಬೇಕು, ಏಕೆಂದರೆ ಕಸಿ ಮಾಡುವುದು ಮರಿ ಹುಟ್ಟಿದ ಒಂದೆರಡು ವಾರಗಳೊಳಗೆ. ಕಸಿಯಾಗದ ಮರಿ ಹೆಚ್ಚು ದಿನ ಬದುಕುವುದೂ ಇಲ್ಲ.

ಇಲ್ಲಿ ಒಂದು ನಳಿಕೆ ಅದಲುಬದಲಾದರೆ ಏನಾಗುತ್ತದೆ ಯೋಚಿಸಿ. ಒಂದು ಪ್ರತಿಯ ಇಲಿಗೆ ಕಸಿ ಮಾಡಿ, ಅದು ತನ್ನ ಕೋಶಗಳಿಂದಲೇ ಚೇತರಿಸಿಕೊಂಡರೆ, ‘ಕಸಿಯಿಂದ ಗುಣವಾಯಿತು’ ಎಂದು ಬರೆದುಬಿಡಬಹುದು. ರಕ್ತದಲ್ಲಿ ಮನುಷ್ಯರ ಆಲ್ಬುಮಿನ್ ಅಳೆದರೆ ಮೋಸ ಹೊರಬೀಳುತ್ತದೆ, ಅಳೆದರೆ! ಇತ್ತ ಒಬ್ಬ ದಾನಿಯ ಕುಟುಂಬ ನಂಬಿಕೆಯಿಂದ ಕೊಟ್ಟ ಲಿವರ್‌ನ ಕೋಶಗಳು ಹಾಳಾದವು, ಇಲಿಯ ಜೀವವೂ ಸುಮ್ಮನೆ ಹೋಯಿತು. ಪ್ರಾಣಿಪ್ರಯೋಗವೇ ಬೇಡ ಎನ್ನುವವರ ಸಂಕಟ ನನಗೆ ಅರ್ಥವಾಗುತ್ತದೆ. ಬೇಕು ಎನ್ನುವ ನಮ್ಮಂಥವರಾದರೂ ಒಂದು ಮರಿಯೂ ದಂಡವಾಗದಂತೆ ನೋಡಿಕೊಳ್ಳಬೇಡವೇ? ಪ್ರತಿ ಸುತ್ತಿನ ಪರೀಕ್ಷೆಯಲ್ಲೂ ಗೊತ್ತಿರುವ ಇಲಿಯ ಮಾದರಿ ಮತ್ತು ಬರೀ ನೀರಿನ ನಳಿಕೆ ಎರಡನ್ನೂ ಇಡಬೇಕು, ಕಸಿಯ ನಂತರ ಇನ್ನೊಮ್ಮೆ ಗುರುತು ಪರೀಕ್ಷಿಸಬೇಕು, ಅದನ್ನು ವರದಿಯಲ್ಲಿ ಬರೆಯಬೇಕು. ಬರೆಯದ ವರದಿಯನ್ನು ನಾನಂತೂ ಪಕ್ಕಕ್ಕಿಡುತ್ತೇನೆ.

ಇಷ್ಟೆಲ್ಲ ತಲೆಬಿಸಿ ಏಕೆ ಎನ್ನುತ್ತೀರಾ? 1993ರಲ್ಲಿ ಅಮೆರಿಕದಲ್ಲಿ ಹೆಪಟೈಟಿಸ್ ಬಿ ರೋಗಿಗಳು 15 ಮಂದಿಗೆ ಫಯಾಲುರಿಡಿನ್ ಎಂಬ ಔಷಧ ಕೊಟ್ಟು ನೋಡಲಾಯಿತು. ಪ್ರಾಣಿಗಳಲ್ಲಿ ಅದು ಅಪಾಯದ ಸುಳಿವು ಕೊಟ್ಟಿರಲಿಲ್ಲ. ಏಳು ಮಂದಿಯ ಲಿವರ್ ಕೈಕೊಟ್ಟಿತು, ಐವರು ಸತ್ತರು, ಇಬ್ಬರು ಲಿವರ್ ಕಸಿಯಿಂದ ಉಳಿದರು. 2014ರಲ್ಲಿ, ಬೇರೊಂದು ವಂಶವಾಹಿ ಸೇರಿಸಿ ಬೆಳೆಸಿದ, ಮನುಷ್ಯರ ಲಿವರ್ ಕೋಶಗಳಿದ್ದ ಇಲಿಗಳಿಗೆ ಅದೇ ಔಷಧ ಕೊಟ್ಟಾಗ ಅವುಗಳ ಲಿವರ್ ಕೆಟ್ಟಿತು. ಮನುಷ್ಯರ ಕೋಶಗಳಿಲ್ಲದ ಇಲಿಗಳಿಗೆ ಏನೂ ಆಗಲಿಲ್ಲ. ಆ ಎರಡು ಪಂಜರಗಳ ಚೀಟಿ ಅದಲುಬದಲಾಗಿದ್ದರೆ?

ಇನ್ನು ನಿಮ್ಮ ಮನೆಯ ರೋಗಿಯ ಮಾತು. ಕೋಶ ಕಸಿಯನ್ನು ಮನುಷ್ಯರಲ್ಲಿಯೂ ಮಾಡಿದ್ದಾರೆ. ಕ್ರಿಗ್ಲರ್-ನಜ್ಜಾರ್ ಎಂಬ ಹುಟ್ಟುಕಾಮಾಲೆಯ 10 ವರ್ಷದ ಬಾಲಕಿಗೆ ಇದರಿಂದ ಭಾಗಶಃ ಗುಣ ಕಂಡಿತೆಂದು 1998ರಲ್ಲಿ ವರದಿಯಾಯಿತು. ಭಾಗಶಃ ಎಂಬುದನ್ನು ಗಮನಿಸಿ. ಮೇಲೆ ಹೇಳಿದ ಇಲಿಗಳಿಗೆ ರೋಗನಿರೋಧಕ ಶಕ್ತಿಯೇ ಇಲ್ಲದ್ದರಿಂದ, ನಿಮ್ಮ ದೇಹ ಪರರ ಕೋಶಗಳನ್ನು ಒಪ್ಪುತ್ತದೋ ಇಲ್ಲವೋ ಎಂಬುದನ್ನು ಅವು ಹೇಳಲಾರವು. ಸಿರೋಸಿಸ್‌ನಿಂದ ಗಟ್ಟಿಯಾದ ಲಿವರ್‌ನಲ್ಲಿ ಹೊಸ ಕೋಶಗಳು ಬೇರೂರುವುದೂ ಸುಲಭವಲ್ಲ. ಹಾಗಾಗಿ ಲಿವರ್ ಕಸಿಯ ಪಟ್ಟಿಯಲ್ಲಿ ಹೆಸರು ಬರೆಸಲು ವೈದ್ಯರು ಹೇಳಿದ್ದರೆ ಇಲಿಯ ಸುದ್ದಿ ನಂಬಿ ಮುಂದೂಡಬೇಡಿ. ಕತ್ತರಿಸಿಟ್ಟ ತುಣುಕನ್ನು ಫೈಲಿನಲ್ಲೇ ಇಟ್ಟುಕೊಳ್ಳಿ, ಮುಂದಿನ ಭೇಟಿಯಲ್ಲಿ ಅದರ ಬಗ್ಗೆ ಕೇಳಿ.