ವೆಂಕಟಪ್ಪನವರ ಊಟಿ, ನಮ್ಮ ಗುಂಡ್ಲುಪೇಟೆ

ಮೈಸೂರಿನಿಂದ ಊಟಿಗೆ ಹೊರಟವರಿಗೆ ಗುಂಡ್ಲುಪೇಟೆ ಎಂದರೆ ಟೀ ಕುಡಿಯಲು ನಿಲ್ಲಿಸುವ ಊರು. ರಾತ್ರಿ 9ಕ್ಕೆ ಬಂಡೀಪುರದ ಗೇಟ್ ಮುಚ್ಚುವುದರೊಳಗೆ ಕಾಡು ದಾಟಬೇಕೆಂಬ ಅವಸರ ಬೇರೆ. ಸೂರ್ಯಕಾಂತಿ, ಚೆಂಡುಹೂ ಅರಳಿದಾಗ ಮಾತ್ರ ಕಾರುಗಳು ಹೊಲದ ಪಕ್ಕ ನಿಲ್ಲುತ್ತವೆ. ನಾಲ್ಕು ಸೆಲ್ಫಿ, ಒಂದು ರೀಲ್ಸ್, ಮತ್ತೆ ಪ್ರಯಾಣ. ಹೊರಗಿನವರನ್ನು ದೂರಿ ಏನು ಪ್ರಯೋಜನ? ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಓಡಾಡುವ ನಾವೂ ಕಿಟಕಿ ಪಕ್ಕ ಕೂತು ನೋಡುವುದು ಮೊಬೈಲನ್ನೇ.

ಈ ರಸ್ತೆ ಹೋಗಿ ಸೇರುವ ಊಟಿಯನ್ನು ಸುಮಾರು ನೂರು ವರ್ಷಗಳ ಹಿಂದೆ ಮೈಸೂರಿನವರೇ ಒಬ್ಬರು ಬೇರೆ ರೀತಿ ನೋಡಿದ್ದರು. ಅವರು ಕಲಾವಿದ ಕೆ. ವೆಂಕಟಪ್ಪ (1886–1965). ಅರಮನೆಗೆ ಚಿತ್ರ ಬರೆಯುತ್ತಿದ್ದ ಮನೆತನದವರು. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತರು. ನಂದಲಾಲ್ ಬೋಸ್ ಅವರ ಜೊತೆಗಾರ. ಮೊದಲು ಪುರಾಣದ ಚಿತ್ರಗಳಿಂದ ಹೆಸರು ಮಾಡಿದ ವೆಂಕಟಪ್ಪ 1920ರ ದಶಕದಲ್ಲಿ ಊಟಿಯನ್ನು, ಆಮೇಲೆ ಕೊಡೈಕೆನಾಲನ್ನು ಜಲವರ್ಣದಲ್ಲಿ ಬರೆದರು. ಈ ಚಿತ್ರಗಳಲ್ಲಿ ಕಥೆ ಇಲ್ಲ. ಬೆಟ್ಟ, ಮರ, ಮಂಜು, ಮೋಡ ಮತ್ತು ಆ ಹೊತ್ತಿನ ಬೆಳಕು, ಇಷ್ಟೇ. ಆದರೂ ಕಣ್ಣು ಕೀಳಲು ಮನಸ್ಸಾಗುವುದಿಲ್ಲ.

ಜಲವರ್ಣ ಮೋಸ ಮಾಡಲು ಬಿಡದ ಮಾಧ್ಯಮ. ತೈಲವರ್ಣದಲ್ಲಿ ತಪ್ಪಾದರೆ ಮೇಲೆ ಇನ್ನೊಂದು ಪದರ ಬಳಿಯಬಹುದು. ಇಲ್ಲಿ ಬಣ್ಣ ಪಾರದರ್ಶಕ, ಕೆಳಗಿನದು ಮೇಲೆ ಕಾಣುತ್ತದೆ. ಬಿಳಿ ಬೇಕಾದ ಕಡೆ ಕಾಗದವನ್ನು ಖಾಲಿ ಬಿಡಬೇಕು. ಅಂದರೆ ಮಂಜು ಎಲ್ಲಿದೆ, ಬಿಸಿಲು ಎಲ್ಲಿ ಬಿದ್ದಿದೆ ಎಂಬುದನ್ನು ಕುಂಚ ಅದ್ದುವ ಮೊದಲೇ ಕಂಡುಕೊಂಡಿರಬೇಕು. ಮೊದಲು ನೋಡು, ಆಮೇಲೆ ಮುಟ್ಟು ಎನ್ನುವುದೇ ಅದರ ನಿಯಮ. ಮೊಬೈಲ್‌ನಲ್ಲಿ ಉಲ್ಟಾ. ಮೊದಲು ಕ್ಲಿಕ್, ನೋಡುವುದು ಆಮೇಲೆ, ಅದೂ ಪುರುಸೊತ್ತಾದರೆ.

ಬಿ.ಇ. ಓದುವವನಿಗೆ ಇದೆಲ್ಲ ಯಾಕೆ ಎಂದು ಗೆಳೆಯರು ಕೇಳುತ್ತಾರೆ. ನನಗನಿಸುವಂತೆ ನಮಗೇ ಇದು ಹೆಚ್ಚು ಬೇಕು. ಸರ್ವೇ ತರಗತಿಯಲ್ಲಿ ಬೆಟ್ಟ ಎಂದರೆ ಕಾಂಟೂರ್ ಗೆರೆಗಳು, ಕಲ್ಲು ಎಂದರೆ ಇಷ್ಟು ಘನ ಮೀಟರ್. ಲೆಕ್ಕ ತಪ್ಪಲ್ಲ, ಆದರೆ ಲೆಕ್ಕವಷ್ಟೇ ಬೆಟ್ಟವಲ್ಲ. ನಮ್ಮ ಜಿಲ್ಲೆಯ ಕರಿಕಲ್ಲಿಗೆ ಹೊರದೇಶಗಳಲ್ಲೂ ಬೇಡಿಕೆ ಇದೆ. ಕ್ವಾರಿಯಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತದೆ, ನಿಜ. ಆದರೆ 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯಲ್ಲಿ ಕ್ವಾರಿಯ ಗುಡ್ಡ ಕುಸಿದು ಕಾರ್ಮಿಕರು ಜೀವ ಕಳೆದುಕೊಂಡರು. ಸುದ್ದಿ ಆದ ಮೇಲೆ ಜನ ಆ ಗುಡ್ಡದ ಕಡೆ ತಿರುಗಿ ನೋಡಿದರು. ನಾಳೆ ಎಲ್ಲಿ ರಸ್ತೆ, ಎಲ್ಲಿ ಕ್ವಾರಿ ಎಂಬ ವರದಿಗೆ ಸಹಿ ಹಾಕುವವರು ಇವತ್ತು ನನ್ನ ಜೊತೆ ಬೆಂಚಿನಲ್ಲಿ ಕೂತವರೇ. ಒಂದು ಬೆಟ್ಟದ ಎದುರು ಎರಡು ಗಂಟೆ ಕೂತು ಬರೆದವನು ಅದರ ನಕ್ಷೆಯನ್ನು ಬೇರೆ ರೀತಿ ಓದುತ್ತಾನೆ ಎಂದು ನಾನು ನಂಬುತ್ತೇನೆ. ಚಿತ್ರ ಬರೆದರೆ ಬೆಟ್ಟ ಉಳಿಯುತ್ತದೆ ಎಂದಲ್ಲ. ಕಳೆದುಕೊಳ್ಳುತ್ತಿರುವುದು ಏನೆಂದಾದರೂ ತಿಳಿದಿರುತ್ತದೆ.

ಊಟಿಯೊಂದೇ ಚಿತ್ರಕ್ಕೆ ತಕ್ಕ ಊರೇನಲ್ಲ. 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಮಂಜಿನಿಂದಲೇ ಹೆಸರು ಬಂದಿದೆ. ಚಾಮರಾಜನಗರದಿಂದ ಕಾಣುವ ಬಿಳಿಗಿರಿರಂಗನ ಬೆಟ್ಟದ ಸಾಲು ಬೆಳಿಗ್ಗೆ ನೀಲಿ, ಮಳೆ ಬರುವ ಮೊದಲು ಕಪ್ಪು. ಇವನ್ನು ನೋಡಲು ಟಿಕೆಟ್ ಬೇಡ.

ವೆಂಕಟಪ್ಪನವರ ಚಿತ್ರಗಳ ಸಂಗ್ರಹ ಇರುವುದು ಬೆಂಗಳೂರಿನ ಕಸ್ತೂರಬಾ ರಸ್ತೆಯ, ಅವರದೇ ಹೆಸರಿನ ಗ್ಯಾಲರಿಯಲ್ಲಿ. ನಮ್ಮ ಹಳ್ಳಿ ಶಾಲೆಯ ಎಷ್ಟು ಮಕ್ಕಳು ಅಲ್ಲಿಗೆ ಹೋಗಲು ಸಾಧ್ಯ? ಅವುಗಳ ಒಳ್ಳೆಯ ಮುದ್ರಿತ ಪ್ರತಿಗಳನ್ನು ಜಿಲ್ಲೆಯ ಶಾಲೆ-ಕಾಲೇಜುಗಳ ಗ್ರಂಥಾಲಯದಲ್ಲಿ ತೂಗುಹಾಕಲು ದೊಡ್ಡ ಅನುದಾನವೇನೂ ಬೇಕಿಲ್ಲ. ಡ್ರಾಯಿಂಗ್ ಪೀರಿಯಡ್‌ನಲ್ಲಿ ಎರಡು ಗುಡ್ಡದ ನಡುವೆ ಸೂರ್ಯ, ಪಕ್ಕದಲ್ಲಿ ತೆಂಗಿನಮರ ಬರೆಸುವ ಬದಲು ಮಕ್ಕಳನ್ನು ಶಾಲೆಯ ಹಿಂದಿನ ನಿಜವಾದ ಗುಡ್ಡದ ಎದುರು ಕೂರಿಸಲಿ. ನಾವು ದೊಡ್ಡವರೂ ಒಂದು ಭಾನುವಾರ ಬಣ್ಣದ ಡಬ್ಬಿ, ಒಂದು ಲೋಟ ನೀರು ಹಿಡಿದು ಕೂರೋಣ. ಚಿತ್ರ ಕೆಟ್ಟರೂ ಚಿಂತೆಯಿಲ್ಲ, ನೋಡಿದ್ದು ಉಳಿಯುತ್ತದೆ.