ಡ್ರೈವ್ ಬೇಡವೆನ್ನುವವರಿಗೂ, ಡ್ರೈವ್ ಸಾಕೆನ್ನುವವರಿಗೂ

ಮನೆಯ ಕಂಪ್ಯೂಟರಿನಲ್ಲಿ ತುಂಬಿಕೊಂಡ ಫೋಟೊ, ಮದುವೆಯ ವಿಡಿಯೊ, ಹಾಡು, ಕ್ಯಾಸೆಟ್‌ನಿಂದ ಇಳಿಸಿಕೊಂಡ ತಾಳಮದ್ದಳೆ ಇವನ್ನೆಲ್ಲ ಕ್ರಮವಾಗಿ ಒಂದು ಎಕ್ಸ್‌ಟರ್ನಲ್ ಡ್ರೈವ್‌ಗೆ ಸಾಗಿಸಿ, ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡಿ ಎಂಬುದು ನನ್ನ ವಾದ. ಇದಕ್ಕೆ ಎರಡು ದಿಕ್ಕಿನಿಂದ ವಿರೋಧ ಬರುತ್ತದೆ. ‘ಕ್ಲೌಡ್ ಇರುವಾಗ ಈ ಡಬ್ಬಿ ಯಾಕೆ?’ ಎಂದು ಒಂದು ಪಕ್ಷ. ‘ಡ್ರೈವ್‌ಗೆ ಹಾಕಿದರೆ ಆಯಿತಲ್ಲ, ಅದಕ್ಕೇನು ಉಪದೇಶ?’ ಎಂದು ಇನ್ನೊಂದು. ಮೊದಲನೆಯವರು ಡ್ರೈವನ್ನು ಕಡೆಗಣಿಸುತ್ತಾರೆ, ಎರಡನೆಯವರು ಅತಿಯಾಗಿ ನಂಬುತ್ತಾರೆ. ಇಬ್ಬರ ಆಕ್ಷೇಪಗಳನ್ನೂ ಒಂದೊಂದಾಗಿ ನೋಡೋಣ.

1. ‘ಎಲ್ಲವೂ ಕ್ಲೌಡ್‌ನಲ್ಲಿದೆ’

ಎಷ್ಟು ದಿನ, ಯಾರ ಷರತ್ತಿನ ಮೇಲೆ ಎಂಬುದು ಪ್ರಶ್ನೆ. ಗೂಗಲ್ ಫೋಟೋಸ್‌ನಲ್ಲಿ ಸ್ವಲ್ಪ ಕುಗ್ಗಿಸಿದ ಚಿತ್ರಗಳನ್ನು ಎಷ್ಟು ಬೇಕಾದರೂ ಪುಕ್ಕಟೆ ಇಡಬಹುದಿತ್ತು. 2021ರ ಜೂನ್ 1ರಿಂದ ಆ ಸೌಲಭ್ಯ ನಿಂತಿತು. ಈಗ ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಸೇರಿ 15 ಜಿಬಿ. ಆ್ಯಪಲ್‌ನವರ ಐಕ್ಲೌಡ್‌ನಲ್ಲಿ ಪುಕ್ಕಟೆ ಸಿಗುವುದು 5 ಜಿಬಿ. ಅದರಾಚೆಗೆ ಬಾಡಿಗೆ ಕಟ್ಟುತ್ತಲೇ ಇರಬೇಕು.

ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಅದರೊಳಗಿನ ಚಿತ್ರಗಳ ಸಮೇತ ಅಳಿಸಬಹುದೆಂಬ ನಿಯಮವನ್ನೂ ಗೂಗಲ್ 2023ರಲ್ಲಿ ತಂದಿತು. ಮನೆಯ ಹಿರಿಯರೊಬ್ಬರು ತೀರಿಕೊಂಡು, ಅವರ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದಿದ್ದರೆ ಏನಾಗುತ್ತದೆಂದು ಯೋಚಿಸಿ. ಇನ್ನು, ಕ್ಲೌಡ್ ಬಹುತೇಕ ಮಾಡುವುದು ಸಿಂಕ್. ಫೋನಿನಲ್ಲಿ ಮೊಮ್ಮಗು ಅಳಿಸಿದ ಚಿತ್ರ ಅಲ್ಲಿಂದಲೂ ಅಳಿಯುತ್ತದೆ. ಐಕ್ಲೌಡ್ ಅದನ್ನು 30 ದಿನ, ಗೂಗಲ್ ಫೋಟೋಸ್ 60 ದಿನ ಕಸದ ಬುಟ್ಟಿಯಲ್ಲಿ ಇಟ್ಟುಕೊಳ್ಳುತ್ತವೆ. ಅಷ್ಟರೊಳಗೆ ಯಾರೂ ಗಮನಿಸದಿದ್ದರೆ ಚಿತ್ರ ಹೋಯಿತೆಂದೇ ಲೆಕ್ಕ.

ಕ್ಲೌಡ್ ಬೇಡವೆಂದು ನಾನು ಹೇಳುತ್ತಿಲ್ಲ. ಊರಾಚೆಯ ಎರಡನೆಯ ಪ್ರತಿಯಾಗಿ ಅದು ಚೆನ್ನಾಗಿಯೇ ಇದೆ. ಅದೊಂದೇ ಪ್ರತಿಯಾಗುವುದು ಬೇಡ.

2. ‘ಹಳೆಯದೆಲ್ಲ ಯೂಟ್ಯೂಬ್‌ನಲ್ಲಿ ಇದ್ದೇ ಇದೆ’

ಇರುವಷ್ಟು ದಿನ ಇರುತ್ತದೆ. ಸರ್ವರ್ ಬದಲಿಸುವಾಗ ಹಳೆಯ ಹಾಡುಗಳು, ಚಿತ್ರಗಳು ಹಾಳಾದವೆಂದು ಮೈಸ್ಪೇಸ್ 2019ರಲ್ಲಿ ಒಪ್ಪಿಕೊಂಡಿತು. ಹನ್ನೆರಡು ವರ್ಷಗಳ ಸಂಗೀತ ಅದರಲ್ಲಿತ್ತು. ತಮ್ಮ ಪ್ರತಿಯನ್ನು ಇಟ್ಟುಕೊಳ್ಳದ ಕಲಾವಿದರು ತಮ್ಮದೇ ಹಾಡನ್ನು ಕಳೆದುಕೊಂಡರು.

‘ಯಾರಾದರೂ ಇಟ್ಟಿರುತ್ತಾರೆ’ ಎಂಬ ಭರವಸೆ ಎಷ್ಟು ಟೊಳ್ಳೆಂಬುದು ಕನ್ನಡಿಗರಿಗೆ ಬೇರೆಯವರಿಗಿಂತ ಚೆನ್ನಾಗಿ ತಿಳಿದಿರಬೇಕು. 1934ರಲ್ಲಿ ಬಿಡುಗಡೆಯಾದ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಒಂದು ಭಾಷೆಯ ಮೊದಲ ಮಾತಿನ ಚಿತ್ರವನ್ನೇ ಯಾರೂ ಉಳಿಸಲಿಲ್ಲವೆಂದಮೇಲೆ, ನಿಮ್ಮ ಅಜ್ಜ ಅರ್ಥ ಹೇಳಿದ ಒಂದು ರಾತ್ರಿಯ ಧ್ವನಿಮುದ್ರಣವನ್ನು ನೀವಲ್ಲದೆ ಮತ್ತ್ಯಾರು ಇಡಬೇಕು?

3. ‘ಹಾರ್ಡ್ ಡಿಸ್ಕ್ ಯಾವತ್ತಿದ್ದರೂ ಕೆಡುತ್ತದೆ’

ಈ ಮಾತು ನಿಜ, ಮರುಮಾತಿಲ್ಲದೆ ಒಪ್ಪುತ್ತೇನೆ. ಲಕ್ಷಗಟ್ಟಲೆ ಡಿಸ್ಕ್‌ಗಳನ್ನು ನಡೆಸುವ ಬ್ಯಾಕ್‌ಬ್ಲೇಜ್ ಕಂಪನಿಯ 2023ರ ಲೆಕ್ಕದಲ್ಲಿ, ವರ್ಷಕ್ಕೆ ನೂರರಲ್ಲಿ ಸುಮಾರು 1.4 ಡಿಸ್ಕ್ ಕೆಟ್ಟಿವೆ. ಅವು ಅಲುಗಾಡದೆ ತಂಪು ಕೋಣೆಯಲ್ಲಿ ಕೂತಿರುವ ಡಿಸ್ಕ್‌ಗಳು. ಬ್ಯಾಗಿನಲ್ಲಿ ಓಡಾಡಿ ಮೇಜಿನಿಂದ ಬೀಳುವ ನಮ್ಮವಕ್ಕೆ ಅಷ್ಟೂ ಭಾಗ್ಯವಿಲ್ಲ.

ಆದರೆ ಇದರಿಂದ ‘ಡ್ರೈವ್ ಬೇಡ’ ಎಂಬ ತೀರ್ಮಾನ ಹೊರಡುವುದಿಲ್ಲ. ‘ಒಂದೇ ಡ್ರೈವ್ ಸಾಲದು’ ಎಂಬುದಷ್ಟೇ ಹೊರಡುತ್ತದೆ. ಛಾಯಾಗ್ರಾಹಕ ಪೀಟರ್ ಕ್ರೋಗ್ ಬಳಕೆಗೆ ತಂದ 3-2-1 ಸೂತ್ರ ಹೇಳುವುದೂ ಅದನ್ನೇ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ಹೊರಗೆ. ದೊಡ್ಡ ಸಂಸ್ಥೆಗಳಿಗೂ ಇದೇ ಪಾಠ. 1998ರಲ್ಲಿ ಪಿಕ್ಸಾರ್‌ನಲ್ಲಿ ‘ಟಾಯ್ ಸ್ಟೋರಿ 2’ರ ಕಡತಗಳು ಒಂದು ತಪ್ಪು ಕಮಾಂಡ್‌ನಿಂದ ಅಳಿಸಿಹೋದವು. ತೆರೆದು ನೋಡಿದರೆ ಬ್ಯಾಕಪ್ಪೂ ಸರಿ ಇರಲಿಲ್ಲ. ಮಗುವಿದ್ದ ಕಾರಣ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್ಮನ್ ಅವರ ಕಂಪ್ಯೂಟರಿನಲ್ಲಿದ್ದ ಪ್ರತಿಯೇ ಚಿತ್ರಕ್ಕೆ ಜೀವ ಕೊಟ್ಟಿತು.

4. ‘ಎಸ್‌ಎಸ್‌ಡಿ ಕೊಂಡರೆ ಚಿಂತೆಯೇ ಇಲ್ಲ’

ಎಸ್‌ಎಸ್‌ಡಿ ವೇಗದ್ದು, ಬಿದ್ದರೂ ತಾಳಿಕೊಳ್ಳುತ್ತದೆ. ಆದರೆ ಬೀರುವಿನಲ್ಲಿ ವರ್ಷಗಟ್ಟಲೆ ಮರೆತಿಡುವ ವಸ್ತು ಅದಲ್ಲ. ಅದರಲ್ಲಿ ಮಾಹಿತಿ ನಿಲ್ಲುವುದು ವಿದ್ಯುದಂಶದ ರೂಪದಲ್ಲಿ, ಅದು ನಿಧಾನವಾಗಿ ಸೋರುತ್ತದೆ. ಬರೆಯುವ ಆಯಸ್ಸು ತೀರಿದ ಗೃಹಬಳಕೆಯ ಎಸ್‌ಎಸ್‌ಡಿ, ಕರೆಂಟಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ವರ್ಷ ಮಾಹಿತಿ ಹಿಡಿದಿಟ್ಟರೆ ಜೆಡೆಕ್ ಮಾನದಂಡದ ಪ್ರಕಾರ ಅದು ಪಾಸು. ಹೊಸದು ಇದಕ್ಕಿಂತ ಹೆಚ್ಚು ಕಾಲ ಹಿಡಿದಿಡುತ್ತದೆ, ನಿಜ. ಬಿಸಿಲೂರುಗಳ ಬೇಸಿಗೆಯಲ್ಲಿ ಆ ಲೆಕ್ಕ ಕುಗ್ಗುತ್ತದೆ ಎಂಬುದೂ ನಿಜ. ದಿನಬಳಕೆಗೆ ಎಸ್‌ಎಸ್‌ಡಿ, ಎತ್ತಿಡಲು ಹಾರ್ಡ್ ಡಿಸ್ಕ್ ಎಂದು ಹಂಚಿಕೊಳ್ಳುವುದು ಲೇಸು.

ಅಗ್ಗದ ಬೆಲೆಗೆ ‘16 ಟಿಬಿ’ ಎಂದು ಮಾರುವ ಡಬ್ಬಿಗಳನ್ನು ಮಾತ್ರ ಮುಟ್ಟಬೇಡಿ. ಎಷ್ಟೋ ಸಲ ಒಳಗಿರುವುದು ಸುಳ್ಳು ಗಾತ್ರ ತೋರಿಸುವ ಪುಟ್ಟ ಮೆಮೊರಿ ಕಾರ್ಡ್. ಅದು ತುಂಬಿದ ಮೇಲೆ ಬಂದ ಕಡತಗಳು ಹೆಸರಿಗಷ್ಟೇ ಉಳಿಯುತ್ತವೆ. ಹೊಸ ಡ್ರೈವನ್ನು ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಎಫ್3 ತಂತ್ರಾಂಶದಿಂದ ಮೊದಲೇ ಪರೀಕ್ಷಿಸಿ. ಅಸಲಿ 1 ಟಿಬಿ ಡ್ರೈವ್ ವಿಂಡೋಸ್‌ನಲ್ಲಿ 931 ಜಿಬಿ ಎಂದು ಕಂಡರೆ ಅದು ಮೋಸವಲ್ಲ, ಎಣಿಸುವ ಕ್ರಮದ ವ್ಯತ್ಯಾಸ.

5. ‘ಕಟ್ ಮಾಡಿ ಪೇಸ್ಟ್ ಮಾಡಿದರೆ ಮುಗಿಯಿತು’

ಹೌದು, ಕೆಲವೊಮ್ಮೆ ಸಂಗ್ರಹವೇ ಮುಗಿಯುತ್ತದೆ. ನಡುವೆ ಕರೆಂಟು ಹೋದರೆ, ಕೇಬಲ್ ಅಲುಗಿದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ. ಆದ್ದರಿಂದ ಕಾಪಿ ಮಾಡಿ, ತಾಳೆ ನೋಡಿ, ಆಮೇಲಷ್ಟೇ ಅಳಿಸಿ. ತಾಳೆ ನೋಡುವುದೆಂದರೆ ಫೋಲ್ಡರಿನ ಗಾತ್ರವನ್ನು ಕಣ್ಣಳತೆಯಲ್ಲಿ ಹೋಲಿಸುವುದಲ್ಲ. ಟೆರಾಕಾಪಿಯ ವೆರಿಫೈ, ಆರ್‌ಸಿಂಕ್‌ನ ಚೆಕ್‌ಸಮ್ ಇರುವುದು ಇದಕ್ಕಾಗಿಯೇ.

ಮುಂದಿನ ತೊಡಕು ಫಾರ್ಮ್ಯಾಟ್. ಎಫ್‌ಎಟಿ32 ಡ್ರೈವ್‌ನಲ್ಲಿ 4 ಜಿಬಿ ಮೀರಿದ ಕಡತ ಕೂರುವುದಿಲ್ಲ. ಮದುವೆಯ ವಿಡಿಯೊ ಸಿಕ್ಕಿಬೀಳುವುದು ಅಲ್ಲಿಯೇ. ಎಕ್ಸ್‌ಫ್ಯಾಟ್ ವಿಂಡೋಸ್, ಮ್ಯಾಕ್ ಎರಡಕ್ಕೂ ಒಗ್ಗುತ್ತದೆ, ಆದರೆ ಇಜೆಕ್ಟ್ ಕೊಡದೆ ಕಿತ್ತರೆ ಹಾಳಾಗುವ ಸಂಭವ ಅದರಲ್ಲಿ ಹೆಚ್ಚು. ಮ್ಯಾಕ್‌ನ ಫೋಟೋಸ್ ಲೈಬ್ರರಿ ಇಡುವುದಾದರೆ ಡ್ರೈವ್ ಎಪಿಎಫ್‌ಎಸ್ ಅಥವಾ ಮ್ಯಾಕ್ ಓಎಸ್ ಎಕ್ಸ್‌ಟೆಂಡೆಡ್ ಆಗಿರಬೇಕು.

ಫೋಟೋಸ್, ಮ್ಯೂಸಿಕ್, ಲೈಟ್‌ರೂಮ್‌ನಂಥ ತಂತ್ರಾಂಶಗಳು ಕಡತಗಳ ಜೊತೆಗೆ ಒಂದು ಸೂಚಿಯನ್ನೂ ಇಟ್ಟುಕೊಂಡಿರುತ್ತವೆ. ಅದಕ್ಕೆ ತಿಳಿಸದೆ ಕಡತ ಸಾಗಿಸುವುದೆಂದರೆ, ಗ್ರಂಥಾಲಯದ ಕಾರ್ಡ್ ತಿದ್ದದೆ ಪುಸ್ತಕವನ್ನು ಬೇರೆ ಕಪಾಟಿಗೆ ಸೇರಿಸಿದ ಹಾಗೆ. ಲೈಟ್‌ರೂಮ್‌ನ ಫೋಲ್ಡರನ್ನು ಲೈಟ್‌ರೂಮ್ ಒಳಗಿಂದಲೇ ಸರಿಸಬೇಕು. ಮ್ಯೂಸಿಕ್‌ನಲ್ಲಿ ಮೊದಲು ಮೀಡಿಯಾ ಫೋಲ್ಡರಿನ ಜಾಗ ಬದಲಿಸಿ, ಆಮೇಲೆ ‘ಕನ್ಸಾಲಿಡೇಟ್ ಫೈಲ್ಸ್’ ಕೊಡಬೇಕು. ಫೋಟೋಸ್ ಲೈಬ್ರರಿಯನ್ನು ಇಡಿಯಾಗಿ ಕಾಪಿ ಮಾಡಿ, ಆಪ್ಷನ್ ಕೀಲಿ ಒತ್ತಿಕೊಂಡು ತಂತ್ರಾಂಶ ತೆರೆದು ಹೊಸ ಜಾಗ ತೋರಿಸಬೇಕು. ಇಷ್ಟು ಮಾಡದಿದ್ದರೆ ಹಾಡು ಡ್ರೈವ್‌ನಲ್ಲಿದ್ದರೂ ಪಟ್ಟಿಯಲ್ಲಿ ಆಶ್ಚರ್ಯಸೂಚಕ ಚಿಹ್ನೆ ಮಾತ್ರ ಕಾಣುತ್ತದೆ.

ಕನ್ನಡದಲ್ಲಿ ಕಡತಗಳಿಗೆ ಹೆಸರಿಟ್ಟವರಿಗೆ ಇನ್ನೂ ಎರಡು ತೊಡಕುಗಳಿವೆ. ಇವನ್ನು ಇಂಗ್ಲಿಷ್ ಕೈಪಿಡಿಗಳು ಹೇಳುವುದಿಲ್ಲ. ಲಿನಕ್ಸ್‌ನ ಎಕ್ಸ್‌ಟ್4ನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಯೂನಿಕೋಡ್‌ನ ಪ್ರತಿ ಕನ್ನಡ ಚಿಹ್ನೆಗೆ ಅಲ್ಲಿ 3 ಬೈಟ್ ಬೇಕು. ಹಾಗಾಗಿ ಸಿಗುವುದು 85 ಚಿಹ್ನೆ. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಅಂಥ ಆರು ಚಿಹ್ನೆ, 18 ಬೈಟ್. ಪ್ರಸಂಗ, ಭಾಗವತರು, ಅರ್ಥಧಾರಿಗಳು, ಊರು, ತಾರೀಕು ಎಲ್ಲವನ್ನೂ ಹೆಸರಿನಲ್ಲೇ ಬರೆದಿದ್ದರೆ ವಿಂಡೋಸ್‌ನಲ್ಲಿ ಸಲೀಸಾಗಿ ಕೂತದ್ದು ಲಿನಕ್ಸ್ ಡ್ರೈವ್‌ನಲ್ಲಿ ಹಿಡಿಸುವುದಿಲ್ಲ.

ಎರಡನೆಯದು: ಮ್ಯಾಕ್ ಓಎಸ್ ಎಕ್ಸ್‌ಟೆಂಡೆಡ್ ಡ್ರೈವ್ ‘ಕೋ’ ಅಕ್ಷರದ ಓಕಾರವನ್ನು ಮೂರು ಚಿಹ್ನೆಗಳಾಗಿ ಒಡೆದು ಬರೆದಿಡುತ್ತದೆ. ಬೇರೆಡೆ ಅದು ಸಾಮಾನ್ಯವಾಗಿ ಒಂದೇ ಚಿಹ್ನೆ. ಕಣ್ಣಿಗೆ ಎರಡೂ ಒಂದೇ, ಹೋಲಿಸುವ ತಂತ್ರಾಂಶಕ್ಕೆ ಬೇರೆ ಬೇರೆ. ಒಂದೇ ಹಾಡು ಎರಡೆರಡು ಸಲ ಕಾಪಿಯಾಗುವುದು ಹೀಗೆ. ಹೆಸರು ಚಿಕ್ಕದಾಗಿರಲಿ, ವಿವರಗಳು ಬೇರೊಂದು ಪಟ್ಟಿಯಲ್ಲಿರಲಿ. ನುಡಿ, ಬರಹಗಳ ಹಳೆಯ ಫಾಂಟ್‌ನಲ್ಲಿ ಟೈಪಿಸಿದ ವಿವರಗಳನ್ನು ಸಾಗಿಸುವ ಮುನ್ನವೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

6. ‘ಅಷ್ಟೆಲ್ಲ ಪುರುಸೊತ್ತು ಯಾರಿಗಿದೆ?’

ಲೆಕ್ಕ ಹಾಕಿ ನೋಡೋಣ. ಸೆಕೆಂಡಿಗೆ 100 ಎಂಬಿ ವೇಗದ ಹಾರ್ಡ್ ಡಿಸ್ಕ್‌ಗೆ 1 ಟಿಬಿ ಸಾಗಿಸಲು ಮೂರು ಗಂಟೆಗೂ ಕಡಿಮೆ ಸಾಕು. ಚಿಲ್ಲರೆ ಕಡತಗಳು ಹೆಚ್ಚಿದ್ದರೆ ಇನ್ನಷ್ಟು ಹಿಡಿಯಬಹುದು. ಹಳೆಯ ಯುಎಸ್‌ಬಿ 2.0 ಕಿಂಡಿಗೆ ಚುಚ್ಚಿದರೆ ಎಂಟು ಗಂಟೆ ಬೇಕು. ಅಷ್ಟನ್ನೇ ಸೆಕೆಂಡಿಗೆ 100 ಮೆಗಾಬಿಟ್‌ನ ಇಂಟರ್‌ನೆಟ್‌ನಲ್ಲಿ ಕ್ಲೌಡ್‌ಗೆ ಏರಿಸಲು, ಪೂರ್ತಿ ವೇಗ ಸಿಕ್ಕರೂ 22 ಗಂಟೆ. ಇದರಲ್ಲಿ ನೀವು ಕಂಪ್ಯೂಟರಿನ ಮುಂದೆ ಕೂರಬೇಕಾದದ್ದು ಸ್ವಲ್ಪ ಹೊತ್ತು ಮಾತ್ರ. ರಾತ್ರಿ ಕೆಲಸ ಹಚ್ಚಿ ಮಲಗಿದರೆ ಬೆಳಿಗ್ಗೆ ತಾಳೆ ನೋಡಬಹುದು.

ಕೆಟ್ಟ ಡಿಸ್ಕ್‌ನಿಂದ ಮಾಹಿತಿ ಎತ್ತಿಸಲು ಅಂಗಡಿಯಿಂದ ಅಂಗಡಿಗೆ ಅಲೆಯುವುದಕ್ಕೆ ಇದಕ್ಕಿಂತ ಹೆಚ್ಚು ಪುರುಸೊತ್ತು ಬೇಕು, ಹಣವಂತೂ ಹೊಸ ಡ್ರೈವ್‌ನ ಹಲವು ಪಟ್ಟು ಹೋದೀತು. ಹಾಗಾಗಿ ಎರಡೂ ಪಕ್ಷದವರಲ್ಲಿ ನನ್ನ ಕೋರಿಕೆ ಇಷ್ಟೇ: ಎರಡು ಡ್ರೈವ್ ಕೊಳ್ಳಿ, ಕಾಪಿ ಮಾಡಿ ತಾಳೆ ನೋಡಿ, ಒಂದನ್ನು ನಂಬಿಕಸ್ಥ ನೆಂಟರ ಮನೆಯಲ್ಲಿಡಿ, ವರ್ಷಕ್ಕೆ ಎರಡು ಸಲವಾದರೂ ಎರಡನ್ನೂ ತೆರೆದು ನೋಡಿ. ಎರಡನೆಯ ಪ್ರತಿ ತಾಳೆಯಾಗುವವರೆಗೆ ಕಂಪ್ಯೂಟರಿನಲ್ಲಿರುವ ಮೂಲವನ್ನು ಅಳಿಸಬೇಡಿ.