ಕಮಿಷನ್ ಮಾತಿಗೆ ಕೋರ್ಟಿಲ್ಲ, ಜೈಲುಂಟು

ಜೀತದ ಕಾಲದಲ್ಲಿ ಗೌಡನ ಮಾತೇ ಪತ್ರ, ಗೌಡನ ಮಾತೇ ಕೋರ್ಟು. ನಮ್ಮ ತಾತಂದಿರು 'ಆಯ್ತು ಬುದ್ದಿ' ಅಂದ ಒಂದು ಮಾತಿಗೆ ಮಕ್ಕಳು ಮೊಮ್ಮಕ್ಕಳು ದುಡಿದು ಸತ್ತರು. 1976ರ ಜೀತ ಪದ್ಧತಿ ರದ್ದು ಕಾಯಿದೆ ಬಂದು, ಆ ಕರಾರೂ ಇಲ್ಲ ಆ ಸಾಲವೂ ಇಲ್ಲ ಅಂತು. ಈಗ ಅದೇ 'ಮಾತು' ಹೊಸ ವೇಷ ಹಾಕ್ಕೊಂಡು ಟೆಂಡರ್ ಆಫೀಸಿನ ಮುಂದೆ ಕೂತಿದೆ. ಅದರ ಹೆಸರು ಕಮಿಷನ್.

ಕರ್ನಾಟಕದ ಸರ್ಕಾರಿ ಕಾಮಗಾರಿಗಳಲ್ಲಿ ಪರಿಶಿಷ್ಟರಿಗೆ ನೂರಕ್ಕೆ 24.1 ಮೀಸಲು ಬಂತು. ಮೊದಲು 50 ಲಕ್ಷದವರೆಗಿನ ಕೆಲಸಕ್ಕೆ, 2023ರಲ್ಲಿ 1 ಕೋಟಿಯವರೆಗೆ. ಮೀಸಲಿನ ಹಿಂದೆಯೇ ದಲ್ಲಾಳಿಯೂ ಬಂದ. 'ಸಾಹೇಬ್ರ ಹತ್ರ ನಾನು ಮಾತಾಡ್ತೀನಿ, ಕೆಲಸ ಆದ್ಮೇಲೆ ನೂರಕ್ಕೆ ಇಷ್ಟು ಕೊಡು. ಪೇಪರ್ ಬೇಡ, ಮಾತು ಸಾಕು' ಅಂತಾನೆ ಒಬ್ಬ. 'ಲೈಸೆನ್ಸು ನಿಂದು, ದುಡ್ಡು ನಂದು. ಹೆಸರಿಗೆ ನೀನಿರು, ನಿನಗೂ ಒಂದಿಷ್ಟು' ಅಂತಾನೆ ಇನ್ನೊಬ್ಬ.

ಈ ಮಾತಿಗೆ ಕಾನೂನಿನಲ್ಲಿ ಬೆಲೆ ಏನು?

ಬಾಯಿಮಾತಿನ ಕರಾರು ಅಂದ ಮಾತ್ರಕ್ಕೆ ಅದು ಸುಳ್ಳಲ್ಲ. ಎಮ್ಮೆ ಮಾರಿಸಿಕೊಟ್ಟವನು ಒಪ್ಪಿದ ದಲ್ಲಾಳಿ ಕೇಳಬಹುದು, ಸಾಕ್ಷಿ ಇದ್ದರೆ ಕೋರ್ಟೂ ಕೊಡಿಸುತ್ತೆ. ಆದರೆ 1872ರ ಕರಾರು ಕಾಯಿದೆಯ 23ನೇ ಕಲಂ ಪ್ರಕಾರ, ಉದ್ದೇಶ ಕಾನೂನಿಗೋ ಸಾರ್ವಜನಿಕ ಹಿತಕ್ಕೋ ವಿರುದ್ಧವಾದರೆ ಕರಾರೇ ಅನೂರ್ಜಿತ. ಹೈದರಾಬಾದಿನ ಸಾಲಾರ್ ಜಂಗ್ ಆಸ್ತಿ ವಿಷಯದಲ್ಲಿ ಸರ್ಕಾರದ ಹತ್ತಿರ ವಶೀಲಿ ಮಾಡಿದ್ದಕ್ಕೆ ಪಾಲು ಕೇಳಿದವನಿಗೆ ಸುಪ್ರೀಂ ಕೋರ್ಟು 1991ರಲ್ಲಿ ಕೈಯಾಡಿಸಿ ಕಳಿಸಿತು. ಪ್ರಭಾವ ಮಾರೋ ಸರಕಲ್ಲ.

ಹಾಗಾದ್ರೆ ನಾವು ಗೆದ್ದೆವಾ? ಇಲ್ಲ. ಇಲ್ಲೇ ಇರೋದು ಉರುಳು.

ಇಬ್ಬರ ಕೈಯೂ ಕೊಳಕಾದರೆ ಕೋರ್ಟು ಯಾರಿಗೂ ನೆರವಾಗಲ್ಲ. ಹೋದ ದುಡ್ಡು ಹೋದ ಕಡೆಯೇ ಉಳಿಯುತ್ತೆ. ಅದು ಯಾರ ಕಡೆ? ಮುಂಗಡ ಇಸಕೊಂಡವನ ಕಡೆ. ಹೆಂಡತಿ ತಾಳಿ ಅಡ ಇಟ್ಟು ಕೊಟ್ಟ ನಮ್ಮ ಹುಡುಗ ಬರಿಗೈ. ಹೆಸರು ಕೊಟ್ಟವನಿಗೂ ಅದೇ ಗತಿ: 'ನಿನಗೂ ಒಂದಿಷ್ಟು' ಅಂದ ಮಾತೂ ಕೋರ್ಟಿನಲ್ಲಿ ನಿಲ್ಲೋದು ಕಷ್ಟ. ಆದರೆ ಕಳಪೆ ಕೆಲಸದ ನೋಟೀಸು, ತೆರಿಗೆ ಬಾಕಿ, ಕಪ್ಪುಪಟ್ಟಿ, ಇವು ಮಾತ್ರ ಅವನ ಹೆಸರಿಗೇ ಬರುತ್ತವೆ. ಲಾಭ ಮಾಲೀಕನಿಗೆ, ಮೊಹರು ದಲಿತನಿಗೆ.

2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘ ನೂರಕ್ಕೆ 40 ಕಮಿಷನ್ ಅಂತ ಆರೋಪಿಸಿ ಪ್ರಧಾನಿಗೇ ಪತ್ರ ಬರೆಯಿತು. ದೊಡ್ಡವರು ಪತ್ರ ಬರೀತಾರೆ. ಕೇರಿಯ ಚರಂಡಿ, ಹಾಸ್ಟೆಲಿನ ಗೋಡೆ ಗುತ್ತಿಗೆ ಹಿಡಿದವನು ಯಾರಿಗೆ ಬರೀಬೇಕು? ಆ ಕಮಿಷನ್ ಯಾರ ಜೇಬಿನದು? ಸಿಮೆಂಟು ಕಮ್ಮಿಯಾದ ಗೋಡೆ ಬೀಳೋದು ನಮ್ಮ ಮಕ್ಕಳ ಮೇಲೆ.

ಬಂಧುಗಳೇ, 'ಕೊಟ್ಟ ಮಾತಿಗೆ ತಪ್ಪಬಾರದು' ಅಂತ ದಲ್ಲಾಳಿ ನೀತಿ ಹೇಳಿದರೆ ಕೇಳಬೇಡಿ. ಕಳ್ಳತನದ ಪಾಲಿಗೆ ಮಾತಿನ ಮರ್ಯಾದೆ ಇಲ್ಲ. 2018ರ ತಿದ್ದುಪಡಿ ಆದ್ಮೇಲೆ ಲಂಚ ಕೊಟ್ಟವನೂ ಅಪರಾಧಿ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಟ್ಟವನಿಗೆ ಮಾತ್ರ ಬಿಡುಗಡೆ. ಆ ಏಳು ದಿನ ಹೆದರಿ ಮನೇಲಿ ಕೂತು ಕಳೀಬೇಡಿ. ಒಬ್ಬರೇ ಹೋಗಬೇಡಿ, ಸಂಘಟನೆಯ ಜೊತೆ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗಿ. ಲೈಸೆನ್ಸು ಬಾಡಿಗೆಗೆ ಕೊಡಬೇಡಿ.

ಗೌಡನ ಮಾತಿನ ಜೀತ ಬಿಟ್ಟು ಬಂದವರು ನಾವು. ದಲ್ಲಾಳಿ ಮಾತಿನ ಜೀತಕ್ಕೆ ಕೊರಳು ಕೊಡೋದು ಬೇಡ.

ಜೈ ಭೀಮ್.